ದೋಷ ಆಟದ್ದಲ್ಲ, ಪಣದ್ದು

‘ಗೇಮಿಂಗ್’ ಎಂಬ ಒಂದೇ ಪದದೊಳಗೆ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುಂಬಿಬಿಟ್ಟಿದ್ದೇವೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಸಂಸತ್ತಿನ ಎರಡೂ ಸದನಗಳು ಎರಡೇ ದಿನಗಳಲ್ಲಿ ಅಂಗೀಕರಿಸಿದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವುದು ಅದರ ಮುಖ್ಯ ಉದ್ದೇಶ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಕಂಪನಿಯೊಂದು ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಎಂಬ ವಿಡಿಯೊ ಗೇಮ್‌ನ ಬಿಡುಗಡೆಯನ್ನು 2026ರ ಮೇ 26ರಿಂದ ನವೆಂಬರ್ 19ಕ್ಕೆ ಮುಂದೂಡಿತು. ಅಷ್ಟಕ್ಕೇ ಅದರ ಷೇರಿನ ಬೆಲೆ ಕುಸಿಯಿತು. ಮೊದಲನೆಯದು ಜೂಜಿನ ಸುದ್ದಿ. ಎರಡನೆಯದು, ಬಹುಕಾಲದಿಂದ ಜನ ಕಾಯುತ್ತಿರುವ ಚಲನಚಿತ್ರವೊಂದು ತಡವಾದಂತಹ ಸುದ್ದಿ. ನಮ್ಮ ಮಾತಿನಲ್ಲಿ, ಮನೆಯಲ್ಲಿ, ಎಷ್ಟೋ ಸಲ ಕಚೇರಿಯ ಕಡತಗಳಲ್ಲಿಯೂ ಎರಡಕ್ಕೂ ಒಂದೇ ಹೆಸರು. ಹೆಸರಿನ ಈ ಗೊಂದಲ ನೀತಿಯ ಗೊಂದಲವೂ ಆಗುವ ಅಪಾಯ ಇರುವುದರಿಂದ ಈ ಲೇಖನ.

ಈ ವಿಷಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಪುಸ್ತಕ, ಸಂಗೀತಗಳ ಜೊತೆಗೆ ವಿಡಿಯೊ ಗೇಮ್‌ಗಳೂ ನನ್ನ ದಿನಚರಿಯ ಭಾಗವಾಗಿವೆ. ಅರವತ್ತು ದಾಟಿದವರಿಗೆ ಇದೆಂಥ ಹುಚ್ಚು ಎಂದು ಗೆಳೆಯರು ನಗುತ್ತಾರೆ. ಆದರೆ ವರ್ಷಕ್ಕೆ ಸುಮಾರು 18,000 ಕೋಟಿ ಡಾಲರ್ ವಹಿವಾಟು ನಡೆಸುವ ಉದ್ಯಮವೊಂದನ್ನು ಹುಡುಗರ ಹುಚ್ಚು ಎಂದು ತಳ್ಳಿಹಾಕುವುದು ಅರ್ಥಶಾಸ್ತ್ರ ಓದಿದವರಿಗೆ ಸಾಧ್ಯವಾಗದು. ಜಗತ್ತಿನ ಎಲ್ಲ ಚಿತ್ರಮಂದಿರಗಳ ಟಿಕೆಟ್ ಗಳಿಕೆಯನ್ನು ಕೂಡಿಸಿದರೂ ಇತ್ತೀಚಿನ ವರ್ಷಗಳಲ್ಲಿ ಅದು 3,000 ಕೋಟಿ ಡಾಲರ್ ಆಸುಪಾಸಿನಲ್ಲಿದೆ. 2013ರಲ್ಲಿ ಬಿಡುಗಡೆಯಾದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಮೊದಲ ಮೂರೇ ದಿನಗಳಲ್ಲಿ 100 ಕೋಟಿ ಡಾಲರ್ ಮಾರಾಟ ಕಂಡಿತು. ಇದುವರೆಗೆ ಅದರ 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಮುಂದಿನ ಭಾಗದ ದಿನಾಂಕ ಬದಲಾದರೆ ಷೇರು ಮಾರುಕಟ್ಟೆ ತಲ್ಲಣಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಆಟವೂ ಜೂಜೂ ಒಂದೇ ಹಾಸಿನ ಮೇಲೆ ನಡೆಯಬಲ್ಲವು ಎಂಬುದು ನಮಗೆ ಹೊಸ ವಿಚಾರವಲ್ಲ. ಪಗಡೆ ನಮ್ಮ ಹಜಾರಗಳಲ್ಲಿ ಹೆಂಗಸರು, ಮಕ್ಕಳು ಬಿಡುವಿನ ವೇಳೆ ಆಡುತ್ತಿದ್ದ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರೂಪಿಸುವುದರಲ್ಲಿ ಅಪಾರ ಆಸಕ್ತಿ ಹೊಂದಿದ್ದರು. ಹಸ್ತಿನಾವತಿಯ ಸಭೆಯಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಕಳೆದುಕೊಂಡ ಧರ್ಮರಾಯ ಉರುಳಿಸಿದ್ದೂ ದಾಳಗಳನ್ನೇ. ಹಾಗೆಂದು ನಮ್ಮ ಹಿರಿಯರು ಪಗಡೆಯ ಹಾಸನ್ನು ಸುಟ್ಟುಹಾಕಲಿಲ್ಲ. ಆಟವನ್ನು ಉಳಿಸಿಕೊಂಡು, ಪಣವನ್ನು ದೂರವಿಟ್ಟರು. ಈ ಸರಳ ವಿವೇಕ ನಮ್ಮ ಕಾನೂನಿಗೆ ದಕ್ಕಲು ಬಹಳ ಕಾಲ ಹಿಡಿಯಿತು.

ಭಾರತದ ನ್ಯಾಯಾಲಯಗಳು 1957ರ ಚಮರ್‌ಬಾಗ್‌ವಾಲಾ ಪ್ರಕರಣದಿಂದಲೂ ಕೇಳುತ್ತ ಬಂದ ಪ್ರಶ್ನೆ ಬೇರೆಯೇ ಆಗಿತ್ತು: ಗೆಲುವು ಕೌಶಲದಿಂದ ಬರುತ್ತದೆಯೋ, ಅದೃಷ್ಟದಿಂದಲೋ? ಕೌಶಲವೇ ಪ್ರಧಾನವಾದರೆ ಅದು ಜೂಜಲ್ಲ. ಈ ಅಳತೆಗೋಲಿನಿಂದ 1967ರಲ್ಲಿ ರಮ್ಮಿಯೂ 1996ರಲ್ಲಿ ಕುದುರೆ ಪಂದ್ಯವೂ ಕೌಶಲದ ಸಾಲಿಗೆ ಸೇರಿದವು. ಮೊಬೈಲ್ ಫೋನ್ ಬಂದ ಮೇಲೆ ಇದೇ ತತ್ವದ ಆಸರೆಯಲ್ಲಿ ಸಾವಿರಾರು ಕೋಟಿಯ ಹಣದಾಟದ ಉದ್ಯಮ ಬೆಳೆಯಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕೌಶಲದ ಆಟವನ್ನೂ ಜೂಜಿನೊಡನೆ ಸೇರಿಸಿದ್ದು ಸರಿಯಲ್ಲವೆಂದು 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಅತ್ತ ಕೇಂದ್ರ ಮತ್ತು ರಾಜ್ಯಗಳು ಸೇರಿ 2023ರ ಅಕ್ಟೋಬರ್‌ನಿಂದ ಆಟಗಾರರು ಕಟ್ಟುವ ಪೂರ್ಣ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ ವಿಧಿಸಿದವು. ಒಂದು ಕೈಯಲ್ಲಿ ತೆರಿಗೆ, ಇನ್ನೊಂದು ಕೈಯಲ್ಲಿ ನಿಷೇಧ. ಆಡಳಿತದಲ್ಲಿದ್ದವರಿಗೆ ಇದು ಅಪರಿಚಿತ ದೃಶ್ಯವೇನಲ್ಲ.

2025ರ ಕಾಯ್ದೆ ಈ ಹಳೆಯ ಪ್ರಶ್ನೆಯನ್ನೇ ಕೈಬಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆದ್ದರೆ ಹಣ ಬರುತ್ತದೆಂಬ ನಿರೀಕ್ಷೆಯಲ್ಲಿ ಹಣ ಕಟ್ಟಿ ಆಡುವುದೆಲ್ಲವೂ ಅದರ ದೃಷ್ಟಿಯಲ್ಲಿ ‘ಹಣದ ಆಟ’. ಅಂತಹ ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆಡಿದವನಿಗೆ ಮಾತ್ರ ಶಿಕ್ಷೆಯಿಲ್ಲ. ಇ-ಸ್ಪೋರ್ಟ್ಸ್ ಎನ್ನುವ ಸ್ಪರ್ಧಾತ್ಮಕ ಆಟಗಳನ್ನೂ, ಪಣವಿಲ್ಲದ ಮನರಂಜನೆಯ ಆಟಗಳನ್ನೂ ಪ್ರತ್ಯೇಕಿಸಿ ಅವುಗಳನ್ನು ಉತ್ತೇಜಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂಪಾಯಿಯಷ್ಟು ಹಣ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರ ಮುಂದಿಟ್ಟ ಅಂದಾಜು. ಕಾಯ್ದೆಯ ಬಿಸಿ ಬೆಂಗಳೂರಿಗೂ ತಟ್ಟಿತು. ಹಲವು ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು, ಉದ್ಯೋಗಗಳು ಹೋದವು. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿ ಹೈಕೋರ್ಟ್‌ಗಳಿಗೆ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಸಂಪೂರ್ಣ ನಿಷೇಧವೇ ಸರಿಯಾದ ದಾರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಗೆರೆಯನ್ನು ಎಳೆದ ಜಾಗ ಸರಿಯಾಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೋಡಬೇಕಾದ್ದು ದಾಳವನ್ನಲ್ಲ, ಪಣವನ್ನು. ತೊಡಕಿರುವುದು ಬೇರೆ ಕಡೆ. ಕಾಯ್ದೆ ಗೆರೆ ಎಳೆಯುವಷ್ಟರಲ್ಲಿ ಪಣ ಆ ಗೆರೆಯನ್ನು ದಾಟಿ, ಮಕ್ಕಳು ಆಡುವ ಸಾಮಾನ್ಯ ವಿಡಿಯೊ ಗೇಮ್‌ನೊಳಗೇ ಬಂದು ಕುಳಿತಿದೆ.

ಇದನ್ನು ಅರ್ಥಮಾಡಿಕೊಳ್ಳಲು ಆಟಗಳನ್ನು ಮಾರುವ ಎರಡು ಬಗೆಗಳನ್ನು ನೋಡಬೇಕು. ಮೊದಲನೆಯದು ಹಳೆಯ ಬಗೆ. ಪುಸ್ತಕ ಕೊಂಡಂತೆ ಒಮ್ಮೆ ಬೆಲೆ ಕೊಟ್ಟು ಆಟವನ್ನು ಕೊಳ್ಳುವುದು. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡವೊಂದು ವರ್ಷಗಟ್ಟಲೆ ದುಡಿದು 2025ರ ಸೆಪ್ಟೆಂಬರ್ 4ರಂದು ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಎಂಬ ಆಟವನ್ನು 20 ಡಾಲರ್‌ಗೆ ಮಾರಾಟಕ್ಕಿಟ್ಟಾಗ, ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಮಳಿಗೆಗಳೇ ಕೆಲಕಾಲ ಸ್ಥಗಿತಗೊಂಡವು. ಹಣ ಪಡೆದ ಮೇಲೆ ಆ ತಯಾರಕರಿಗೆ ನಾನು ದಿನಕ್ಕೆ ಎಷ್ಟು ಗಂಟೆ ಆಡುತ್ತೇನೆ ಎಂಬುದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಟ ಚೆನ್ನಾಗಿದ್ದರೆ ಸಾಕು. ನಾಲ್ಕು ಜನರಿಗೆ ಹೇಳುತ್ತೇನೆ, ಅವರ ಮುಂದಿನ ಆಟವನ್ನೂ ಕೊಳ್ಳುತ್ತೇನೆ. ಇಲ್ಲಿ ತಯಾರಕನ ಹಿತವೂ ಆಟಗಾರನ ಹಿತವೂ ಒಂದೇ ದಿಕ್ಕಿನಲ್ಲಿವೆ.

ಎರಡನೆಯದು ‘ಉಚಿತ’ ಆಟ. ನಮ್ಮ ದೇಶದ ಮೊಬೈಲ್‌ಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಆಟಕ್ಕೆ ಬೆಲೆಯಿಲ್ಲ. ಆದರೆ ಆಟದೊಳಗೆ ಅಂಗಡಿಯಿದೆ. ಆಡುವವರಲ್ಲಿ ಬಹುಪಾಲು ಮಂದಿ ಒಂದು ರೂಪಾಯಿಯನ್ನೂ ಖರ್ಚು ಮಾಡುವುದಿಲ್ಲ. ಆದಾಯದ ದೊಡ್ಡ ಭಾಗ ಬರುವುದು ಅತಿಯಾಗಿ ಖರ್ಚು ಮಾಡುವ ಸಣ್ಣ ಗುಂಪಿನಿಂದ. ಉದ್ಯಮದ ಒಳಮಾತಿನಲ್ಲಿ ಅವರಿಗೆ ‘ತಿಮಿಂಗಿಲ’ ಎಂದೇ ಹೆಸರು. ಹೀಗಾಗಿ ಆಟವನ್ನು ಚೆನ್ನಾಗಿ ರೂಪಿಸುವುದಕ್ಕಿಂತ, ಯಾವ ಕ್ಷಣದಲ್ಲಿ ಆಟಗಾರನ ತಾಳ್ಮೆ ಕೆಟ್ಟು ಆತ ಹಣ ಬಿಚ್ಚುತ್ತಾನೆ ಎಂಬುದನ್ನು ರೂಪಿಸುವುದೇ ಲಾಭದಾಯಕ. ವಿನ್ಯಾಸಕಾರನ ಬುದ್ಧಿಯೆಲ್ಲ ಅತ್ತ ತಿರುಗುತ್ತದೆ.

ಈ ಅಂಗಡಿಯಲ್ಲಿ ಅತ್ಯಂತ ಆಕ್ಷೇಪಾರ್ಹವಾದ ಸರಕು ‘ಲೂಟ್ ಬಾಕ್ಸ್’ ಎನ್ನುವ ಮುಚ್ಚಿದ ಪೆಟ್ಟಿಗೆ. ಹಣ ಕೊಟ್ಟು ಪೆಟ್ಟಿಗೆ ಕೊಳ್ಳಬೇಕು. ಒಳಗೆ ಏನಿದೆ ಎಂಬುದು ತೆರೆದ ಮೇಲೆಯೇ ಗೊತ್ತಾಗುವುದು. ಅಪರೂಪದ ಆಯುಧ ಸಿಗಬಹುದು, ಹೆಸರಾಂತ ಫುಟ್‌ಬಾಲ್ ಆಟಗಾರನ ಚೀಟಿ ಸಿಗಬಹುದು, ಹೆಚ್ಚಿನ ಸಲ ಕೆಲಸಕ್ಕೆ ಬಾರದ ವಸ್ತು ಸಿಗುತ್ತದೆ. ಜಾತ್ರೆಯ ರಿಂಗ್ ಎಸೆಯುವ ಅಂಗಡಿಯಲ್ಲಾದರೂ ಗಡಿಯಾರ ಎಲ್ಲಿದೆ, ಸೋಪು ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಇಲ್ಲಿ ಅದೂ ಇಲ್ಲ. ಬೆಲೆಯೂ ರೂಪಾಯಿಯಲ್ಲಿರುವುದಿಲ್ಲ. ರೂಪಾಯಿ ಕೊಟ್ಟು ಮೊದಲು ‘ಹರಳು’ಗಳನ್ನೋ ‘ನಾಣ್ಯ’ಗಳನ್ನೋ ಕೊಳ್ಳಬೇಕು. ಬೇಕಾದ ವಸ್ತುವಿಗೆ 950 ಹರಳು ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಸಿಗುವುದು 800ರ ಕಟ್ಟು, ಇಲ್ಲವೇ 1,600ರ ಕಟ್ಟು. ಉಳಿದ ಹರಳುಗಳು ಮುಂದಿನ ಖರೀದಿಗೆ ಗಾಳದ ಹುಳುವಾಗುತ್ತವೆ. ಕೊಳ್ಳುವವನಿಗೆ ಬೆಲೆ ಗೊತ್ತಿರಬೇಕು, ಸರಕು ಗೊತ್ತಿರಬೇಕು ಎಂಬುದು ಮಾರುಕಟ್ಟೆಯ ಪ್ರಥಮ ಪಾಠ. ಅವೆರಡನ್ನೂ ಬೇಕೆಂದೇ ಮಸುಕುಗೊಳಿಸಿದ ವ್ಯವಸ್ಥೆಯನ್ನು ಮುಕ್ತ ಮಾರುಕಟ್ಟೆ ಎಂದು ಕರೆಯಲಾಗದು.

ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಅದಕ್ಕೂ ಮೊದಲು ಸರ್ಕಾರವೇ ಲಾಟರಿ ನಡೆಸುತ್ತಿತ್ತು ಎಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಬಡವರ ಸಂಸಾರಗಳನ್ನು ಹಾಳುಮಾಡಿದ ಆ ಲಾಟರಿ ಟಿಕೆಟ್ಟಿನ ಮೇಲೂ ಬೆಲೆ ಎಷ್ಟು, ಮೊದಲ ಬಹುಮಾನ ಎಷ್ಟು ಎಂಬುದು ಅಚ್ಚಾಗಿರುತ್ತಿತ್ತು. ನಾವು ಬೇಡವೆಂದು ತಳ್ಳಿದ ಲಾಟರಿ ಪಾಲಿಸುತ್ತಿದ್ದ ಅಷ್ಟು ಮರ್ಯಾದೆಯನ್ನೂ ಹನ್ನೆರಡು ವರ್ಷದ ಹುಡುಗನ ಕೈಯಲ್ಲಿರುವ ಆಟ ಪಾಲಿಸುತ್ತಿಲ್ಲ. ಗೆದ್ದದ್ದನ್ನು ಮತ್ತೆ ಹಣವಾಗಿ ಪರಿವರ್ತಿಸಲು ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ಇದು ಜೂಜಲ್ಲ ಎಂಬುದು ಕಂಪನಿಗಳ ವಾದ. ಕಳೆದುಕೊಳ್ಳಲು ಮಾತ್ರ ಸಾಧ್ಯ, ಗೆಲ್ಲಲು ಸಾಧ್ಯವಿಲ್ಲ. ಆದ್ದರಿಂದ ಇದು ಜೂಜಲ್ಲ! ಈ ತರ್ಕಕ್ಕೆ ಏನೆನ್ನಬೇಕು? 2025ರ ಕಾಯ್ದೆಯಲ್ಲಿ ಲೂಟ್ ಬಾಕ್ಸ್‌ನ ಹೆಸರೇ ಇಲ್ಲ.

ಬೇರೆ ದೇಶಗಳು ಇದನ್ನು ಬಹಳ ಹಿಂದೆಯೇ ಗುರುತಿಸಿವೆ. ಜಪಾನ್‌ನ ಗ್ರಾಹಕ ವ್ಯವಹಾರಗಳ ಇಲಾಖೆ 2012ರಲ್ಲೇ, ಬಿಡಿ ವಸ್ತುಗಳ ಪೂರ್ಣ ಜೊತೆ ಕೂಡಿಸಿದರೆ ದೊಡ್ಡ ಬಹುಮಾನ ಎನ್ನುವ ಬಗೆಯ ಪೆಟ್ಟಿಗೆಗಳು ಕಾನೂನುಬಾಹಿರ ಎಂದಿತು. ಪ್ರತಿ ವಸ್ತು ಸಿಗುವ ಸಂಭವನೀಯತೆಯನ್ನು ಪ್ರಕಟಿಸಬೇಕೆಂದು ಚೀನಾ 2017ರ ಮೇ ತಿಂಗಳಿನಿಂದ ಕಡ್ಡಾಯ ಮಾಡಿತು. 2017ರ ನವೆಂಬರ್‌ನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದಲ್ಲಿನ ಪೆಟ್ಟಿಗೆಗಳ ವಿರುದ್ಧ ಆಟಗಾರರೇ ಸಿಡಿದೆದ್ದಾಗ ಕಂಪನಿ ಬಿಡುಗಡೆಯ ಹೊಸ್ತಿಲಲ್ಲಿ ಆ ಮಾರಾಟವನ್ನು ತಡೆಹಿಡಿಯಬೇಕಾಯಿತು. ಮರುವರ್ಷ ಬೆಲ್ಜಿಯಂನ ಜೂಜು ಆಯೋಗ ಇವು ಜೂಜೇ ಎಂದು ಘೋಷಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ‘ಫೋರ್ಟ್‌ನೈಟ್’ ಆಟದ ಎಪಿಕ್ ಕಂಪನಿಯೊಡನೆ ಮಾಡಿಕೊಂಡ 52 ಕೋಟಿ ಡಾಲರ್ ಇತ್ಯರ್ಥದಲ್ಲಿ, 24.5 ಕೋಟಿ ಡಾಲರ್ ಮೀಸಲಾದದ್ದು ಗ್ರಾಹಕರನ್ನು ಅರಿವಿಲ್ಲದಂತೆ ಖರೀದಿಗೆ ಎಳೆದುದಕ್ಕೆ ಮರುಪಾವತಿಯಾಗಿ. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್‌ನಿಂದ ಹಣದ ಪೆಟ್ಟಿಗೆಗಳಿರುವ ಹೊಸ ಆಟಗಳಿಗೆ ಚಿಕ್ಕ ಮಕ್ಕಳ ಆಟವೆಂಬ ದರ್ಜೆ ದೊರೆಯುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಇವುಗಳಲ್ಲಿ ಯಾವ ದೇಶವೂ ಇದಕ್ಕಾಗಿ ವಿಡಿಯೊ ಗೇಮ್‌ಗಳನ್ನೇ ನಿಷೇಧಿಸಲಿಲ್ಲ.

ಒಂದೇ ಆಟದೊಳಗೆ ಎರಡೂ ಬಗೆಗಳು ಕೂಡಿರುವುದೂ ಉಂಟು. ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಬೆಲೆ ಕೊಟ್ಟು ಕೊಳ್ಳುವ ಆಟ. ಅದರ ಕಥೆಯ ಭಾಗ ವಯಸ್ಕರಿಗಾಗಿ ರಚಿಸಿದ, ಕ್ರೌರ್ಯದಿಂದ ಕೂಡಿದ, ಆದರೆ ಅಮೆರಿಕದ ಸಮಾಜವನ್ನು ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡುವ ಕೃತಿ. ಅದರ ಆನ್‌ಲೈನ್ ಭಾಗದಲ್ಲಿ ನಿಜವಾದ ಹಣ ಕೊಟ್ಟು ಆಟದ ಹಣ ಕೊಳ್ಳಬಹುದು. 2019ರ ಜುಲೈನಲ್ಲಿ ಅಲ್ಲಿ ಕ್ಯಾಸಿನೊವೊಂದು ತೆರೆದಾಗ ಅನೇಕ ದೇಶಗಳಲ್ಲಿ ಅದರ ಜೂಜುಕಟ್ಟೆಗಳಿಗೆ ಆಟಗಾರರಿಗೆ ಪ್ರವೇಶ ಸಿಗಲಿಲ್ಲ. ಆಯಾ ದೇಶದ ಜೂಜಿನ ಕಾನೂನು ಅಡ್ಡ ಬಂದಿತ್ತು. ಆರನೆಯ ಭಾಗವನ್ನು ಲಕ್ಷಾಂತರ ಜನರಂತೆ ನಾನೂ ಎದುರು ನೋಡುತ್ತಿದ್ದೇನೆ. ಕುತೂಹಲವಿರುವುದು ಅದರ ಕಥೆಯ ಬಗ್ಗೆ. ಆತಂಕವಿರುವುದು ಅದರ ಅಂಗಡಿಯ ಬಗ್ಗೆ.

ಬೆಲೆ ಕೊಟ್ಟು ಕೊಂಡರೆ ಎಲ್ಲವೂ ಸರಿಹೋಯಿತು ಎಂದೂ ಹೇಳುವಂತಿಲ್ಲ. 2014ರಲ್ಲಿ ಬಿಡುಗಡೆಯಾದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ಫ್ರಾನ್ಸ್‌ನ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ಮುಚ್ಚಿತು. ಹಣ ಕೊಟ್ಟು ಕೊಂಡಿದ್ದವರ ಬಳಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಇದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ ಯುರೋಪಿನ ಹತ್ತು ಲಕ್ಷಕ್ಕೂ ಹೆಚ್ಚು ನಾಗರಿಕರು ಸಹಿ ಹಾಕಿದರು. ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು ಮಾತ್ರ ಎಂದು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕೆಂಬ ಕ್ಯಾಲಿಫೋರ್ನಿಯಾದ ಕಾಯ್ದೆ 2025ರ ಜನವರಿಯಿಂದ ಜಾರಿಗೆ ಬಂದಿದೆ. ಪುಸ್ತಕದಂಗಡಿಯವನು ಹತ್ತು ವರ್ಷಗಳ ನಂತರ ಮನೆಗೆ ಬಂದು ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ?

ಇಷ್ಟೆಲ್ಲ ಅಪಾಯವಿದ್ದ ಮೇಲೆ ಇಡೀ ವ್ಯವಹಾರವನ್ನೇ ನಿಲ್ಲಿಸಬಾರದೇಕೆ ಎಂದು ಪೋಷಕರು ಕೇಳುವುದು ಸಹಜ. ಅವರ ಆತಂಕ ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸೆ ನೀಡಲು ‘ಶಟ್ ಕ್ಲಿನಿಕ್’ ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನ ಸೇರಿದ್ದು, ಆ ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಆದರೆ ಅಲ್ಲಿನ ಲಕ್ಷಣಗಳನ್ನು ಗಮನಿಸಿ: ಆಟದ ಮೇಲೆ ಹತೋಟಿ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು, ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಕಾಲ ಇದು ಮುಂದುವರಿಯುವುದು. ರಜೆಯಲ್ಲಿ ಎರಡು ತಾಸು ಆಡುವ ಹುಡುಗ ರೋಗಿಯಲ್ಲ. ಹತೋಟಿ ತಪ್ಪುವಂತೆ ಮಾಡುವುದರಿಂದಲೇ ಲಾಭ ಬರುವಂತೆ ಕಟ್ಟಿದ ಆಟವನ್ನೂ, ಕಥೆಯೊಂದನ್ನು ಹೇಳಿ ಮುಗಿಸುವ ಆಟವನ್ನೂ ವೈದ್ಯರಾಗಲಿ ಶಾಸಕರಾಗಲಿ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಿಷೇಧದ ಅನುಭವವೂ ನಮಗಿದೆ. 2020ರ ಸೆಪ್ಟೆಂಬರ್‌ನಲ್ಲಿ ‘ಪಬ್‌ಜಿ ಮೊಬೈಲ್’ ನಿಷೇಧವಾಯಿತು. 2021ರ ಜುಲೈನಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ತಡೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಈ ನಿರ್ಧಾರಗಳ ಹಿಂದೆ ದೇಶದ ಭದ್ರತೆಯ, ದತ್ತಾಂಶದ ಪ್ರಶ್ನೆಗಳಿದ್ದವು. ಮಕ್ಕಳ ಹಣದ ಪ್ರಶ್ನೆಗೆ ಅವುಗಳಿಂದ ಉತ್ತರ ಸಿಗಲಿಲ್ಲ. 18 ವರ್ಷದೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬೇಕೆಂದು ಚೀನಾ 2021ರಲ್ಲಿ ಕಟ್ಟಪ್ಪಣೆ ಮಾಡಿತು. ಪ್ರತಿ ಮನೆಯ ಗಡಿಯಾರವನ್ನು ಸರ್ಕಾರ ನೋಡಿಕೊಳ್ಳುವ ಅಂತಹ ವ್ಯವಸ್ಥೆ ನಮಗೆ ಬೇಡ. ಆದರೆ ಅದೇ ಚೀನಾದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ.

2024ರ ಆಗಸ್ಟ್‌ನಲ್ಲಿ ಚೀನಾದ ಗೇಮ್ ಸೈನ್ಸ್ ಎಂಬ ಸಂಸ್ಥೆ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ಆಟ ಬಿಡುಗಡೆ ಮಾಡಿತು. ವಾನರ ವೀರನ ಪ್ರಾಚೀನ ಚೀನೀ ಕಥೆ ಅದರ ವಸ್ತು. ಮೂರು ದಿನಗಳಲ್ಲಿ ಅದರ 1 ಕೋಟಿ ಪ್ರತಿಗಳು ಮಾರಾಟವಾದವು. ಆಟದಲ್ಲಿ ಕಂಡ ಹಳೆಯ ಗುಡಿಗಳನ್ನು ನೋಡಲು ಶಾಂಕ್ಸಿ ಪ್ರಾಂತ್ಯಕ್ಕೆ ಪ್ರವಾಸಿಗರು ಮುಗಿಬಿದ್ದರು. ಫ್ರಾನ್ಸ್‌ನ ಮಾಂಪೆಲಿಯೆ ನಗರದ, ಸುಮಾರು ಮೂವತ್ತು ಜನರ ತಂಡವೊಂದು ಮುನ್ನಡೆಸಿ ರೂಪಿಸಿದ ‘ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಆಟ 2025ರ ಡಿಸೆಂಬರ್‌ನ ‘ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟವೆನಿಸಿತು. ಆಟ ತಯಾರಿಸುವವರಿಗೆ ಫ್ರಾನ್ಸ್ 2008ರಿಂದಲೇ ತೆರಿಗೆ ವಿನಾಯಿತಿ ನೀಡುತ್ತಿದೆ ಎಂಬುದು ಇಲ್ಲಿ ಗಮನಾರ್ಹ. 2011ರಲ್ಲಿ ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟಸ್ಕ್ ಅಮೆರಿಕದ ಅಧ್ಯಕ್ಷ ಒಬಾಮ ಅವರಿಗೆ ಕೊಟ್ಟ ಉಡುಗೊರೆಗಳಲ್ಲಿ ‘ದಿ ವಿಚರ್ 2’ ಎಂಬ ಪೋಲಿಷ್ ಆಟವೂ ಇತ್ತು. ನೆರೆಯ ತಮಿಳರ ಉದಾಹರಣೆ ಇನ್ನೂ ಹತ್ತಿರದ್ದು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳ ಅಡುಗೆಮನೆಯ ಕಥೆಯಾದ ‘ವೆಣ್ಬಾ’, ಟೊರಾಂಟೊದ ಪುಟ್ಟ ತಂಡದ ಕೃತಿ. ಇಡ್ಲಿ ಬೇಯಿಸುವುದೇ ಅಲ್ಲಿನ ಸಾಹಸ. 2024ರಲ್ಲಿ ಅದಕ್ಕೆ ಚೊಚ್ಚಲ ಆಟಕ್ಕೆ ಮೀಸಲಾದ ಬಾಫ್ಟಾ ಪ್ರಶಸ್ತಿ ಬಂತು. ಇವೆಲ್ಲವೂ ಬೆಲೆ ಕೊಟ್ಟು ಕೊಂಡು ಆಡುವ ಆಟಗಳು. ಇವುಗಳಲ್ಲಿ ಲೂಟ್ ಬಾಕ್ಸ್‌ಗಳಿಲ್ಲ.

ನಮ್ಮ ಕಥೆ ಏನು? 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಡುವಾಗ ನನಗೆ ಅಚ್ಚರಿಯಾಯಿತು. ಅದರ ಬಹುಭಾಗ ನಡೆಯುವುದು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ. ನಾಯಕಿ ಕ್ಲೋಯಿ ಹುಡುಕಿ ಹೊರಡುವುದು ಹೊಯ್ಸಳರ ನಿಧಿಯನ್ನು, ಗಣೇಶನ ದಂತವನ್ನು. ಬೇಲೂರು, ಹಳೇಬೀಡುಗಳ ಹೆಸರು ಅಲ್ಲಿ ಕೇಳಿಬರುತ್ತವೆ. ಬಳಪದ ಕಲ್ಲಿನಲ್ಲಿ ಕುಸುರಿ ಕೆತ್ತಿದ ಹೊಯ್ಸಳ ಶಿಲ್ಪಿಗಳ ಸೂಕ್ಷ್ಮಕ್ಕೆ ಬದಲಾಗಿ, ಆ ಆಟದಲ್ಲಿ ಬೆಟ್ಟದೆತ್ತರದ ವಿಗ್ರಹಗಳು ನಿಂತಿವೆ. ಅದನ್ನು ತಪ್ಪೆಂದು ದೂರುವುದು ಸುಲಭ. ಆದರೆ ಕ್ಯಾಲಿಫೋರ್ನಿಯಾದ ಒಂದು ತಂಡಕ್ಕೆ ಹಳೇಬೀಡಿನಲ್ಲಿ ಕಥೆ ಕಂಡಿತು; ನಮಗೆ ಕಾಣಲಿಲ್ಲ. ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 2023ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಜಗತ್ತಿನ ಆಟಗಾರರು ಹೊಯ್ಸಳರ ಹೆಸರನ್ನು ಕೇಳಿದ್ದರು.

ಕೈಚಳಕದ ಕೊರತೆ ನಮ್ಮಲ್ಲಿಲ್ಲ. ಭಾರತದ ಆಟ ತಯಾರಿಕೆಯ ಆದಿಪುರುಷರಲ್ಲೊಂದಾದ ಧ್ರುವ ಇಂಟರ್‌ಆ್ಯಕ್ಟಿವ್ ಬೆಂಗಳೂರಿನಲ್ಲಿ ಆರಂಭವಾದದ್ದು 1997ರಲ್ಲಿ. ದೊಡ್ಡ ದೊಡ್ಡ ವಿದೇಶಿ ಆಟಗಳಿಗೆ ಚಿತ್ರ, ಮಾದರಿಗಳನ್ನು ಸಿದ್ಧಪಡಿಸಿಕೊಟ್ಟು ಅದು ಹೆಸರು ಗಳಿಸಿತು. 2019ರಲ್ಲಿ ಅದರ ಬಹುಪಾಲು ಷೇರುಗಳನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆ ಸುಮಾರು 79 ಲಕ್ಷ ಡಾಲರ್‌ಗೆ ಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿಕೊಂಡಿತು. ಮೂರು ದಿನಗಳಲ್ಲಿ 100 ಕೋಟಿ ಡಾಲರ್ ಮಾರಾಟ ಎಂದೆನಲ್ಲ, ಆ ಲೆಕ್ಕದಲ್ಲಿ 79 ಲಕ್ಷ ಡಾಲರ್ ಎಂದರೆ ಐದನೆಯ ಭಾಗದ ಸುಮಾರು ಮೂವತ್ತನಾಲ್ಕು ನಿಮಿಷಗಳ ವಹಿವಾಟು. ಬೆಂಗಳೂರಿನ ಇಪ್ಪತ್ತೆರಡು ವರ್ಷಗಳ ದುಡಿಮೆಗೆ ಬಂದ ಬೆಲೆ ಅಷ್ಟು. ಸಾಫ್ಟ್‌ವೇರ್ ಸೇವೆಯಲ್ಲಿ ಆದದ್ದೇ ಇಲ್ಲಿಯೂ ಆಗಿದೆ. ದುಡಿಮೆ ನಮ್ಮದು, ಕೃತಿಯ ಒಡೆತನ ಬೇರೆಯವರದು. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ಯಂತಹ ಆಟಗಳು ಭಾರತದಲ್ಲಿ ಇಂದಿಗೂ ಅಪವಾದಗಳೇ.

ಇದಕ್ಕೂ ಪಣದ ಪ್ರಶ್ನೆಗೂ ನೇರ ಸಂಬಂಧವಿದೆ. ಬಂಡವಾಳ ಹೂಡುವವನು ಲಾಭ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳಲ್ಲಿ ತಕ್ಷಣ ಹಣ ಹರಿಯುತ್ತಿದ್ದಾಗ, ಐದು ವರ್ಷ ಕಾದು ಒಂದು ಕಥೆಯ ಆಟ ಮಾಡುವವರಿಗೆ ಯಾರು ಹಣ ಕೊಟ್ಟಾರು? 2025ರ ಕಾಯ್ದೆ ಆ ಬಾಗಿಲು ಮುಚ್ಚಿದ ಮೇಲೆ ಆ ಬಂಡವಾಳವೂ ಪ್ರತಿಭೆಯೂ ಎತ್ತ ಹೋಗುತ್ತವೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಪಕ್ಕದ ಬಾಗಿಲಾದ ಲೂಟ್ ಬಾಕ್ಸ್ ತೆರೆದೇ ಇದ್ದರೆ ಅಲ್ಲಿಗೇ ನುಗ್ಗುತ್ತವೆ. ಅದನ್ನೂ ಹದ್ದಿನಲ್ಲಿಟ್ಟು, ಒಳ್ಳೆಯ ಆಟಕ್ಕೆ ಮಾತ್ರ ದಾರಿ ಬಿಟ್ಟರೆ ಒಂದು ಉದ್ಯಮವೇ ಹುಟ್ಟಬಹುದು.

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ ಎಂಬುದು ಆಡಳಿತದ ಅನುಭವದಿಂದ ನಾನು ಹೇಳಬಹುದಾದ ಮಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿದೆ. ಆಟದೊಳಗಿನ ಅಂಗಡಿಗೆ ಆ ಪಟ್ಟಿ ಹೇಗೆ ಅನ್ವಯಿಸುತ್ತದೆ ಎಂಬ ಒಂದು ಸ್ಪಷ್ಟೀಕರಣ ಸಾಕು. ಪ್ರತಿ ವಸ್ತುವಿನ ಬೆಲೆ ರೂಪಾಯಿಯಲ್ಲಿ ಕಾಣಬೇಕು. ಪೆಟ್ಟಿಗೆಯಿದ್ದರೆ ಯಾವ ವಸ್ತು ಸಿಗುವ ಸಂಭವ ನೂರಕ್ಕೆ ಎಷ್ಟು ಎಂಬುದು ಕೊಳ್ಳುವ ಗುಂಡಿಯ ಪಕ್ಕದಲ್ಲೇ ಇರಬೇಕು. 18 ವರ್ಷದೊಳಗಿನವರಿಗೆ ಇಂತಹ ಪೆಟ್ಟಿಗೆಯ ಮಾರಾಟ ಕೂಡದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತಿರುವುದರಿಂದ ವಯಸ್ಸು ತಿಳಿಯುವುದು ಹೇಗೆ ಎಂಬ ನೆಪಕ್ಕೆ ಎಡೆಯಿಲ್ಲ. ಮಾರುವುದು ಆಟವನ್ನೋ ಪರವಾನಗಿಯನ್ನೋ ಎಂಬುದನ್ನು ಮೊದಲೇ ಹೇಳಬೇಕು. ಸರ್ವರ್ ಮುಚ್ಚುವುದಾದರೆ ಸಾಕಷ್ಟು ಮುಂಚೆ ತಿಳಿಸಬೇಕು.

ಇನ್ನು ರಾಜ್ಯದ ಪಾಲು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ರೂಪಿಸಿ ದೇಶಕ್ಕೆ ದಾರಿ ತೋರಿದ್ದು ಕರ್ನಾಟಕ. 2024ರಿಂದ 2029ರವರೆಗಿನ ಮೂರನೆಯ ನೀತಿ ಈಗ ನಮ್ಮ ಮುಂದಿದೆ. ಇಂತಹ ನೀತಿಗಳ ಯಶಸ್ಸನ್ನು ಸೃಷ್ಟಿಯಾದ ಉದ್ಯೋಗಗಳ ಸಂಖ್ಯೆಯಿಂದ ಅಳೆಯುವುದು ಸರ್ಕಾರಗಳ ರೂಢಿ. ಇಲ್ಲಿಯೇ ಹುಟ್ಟಿ, ಒಡೆತನವೂ ಇಲ್ಲಿಯೇ ಉಳಿದ ಆಟಗಳು ಎಷ್ಟು ಎಂಬ ಇನ್ನೊಂದು ಕಲಮನ್ನು ಆ ತಖ್ತೆಗೆ ಸೇರಿಸಬೇಕು. ಕನ್ನಡ ಚಲನಚಿತ್ರಗಳಿಗೆ ದಶಕಗಳಿಂದ ಸಹಾಯಧನ ಕೊಡುತ್ತ ಬಂದ ಸರ್ಕಾರಕ್ಕೆ, ವರ್ಷಕ್ಕೆ ಹತ್ತು ಕನ್ನಡ ಆಟಗಳಿಗೆ ಸಣ್ಣ ಮೊತ್ತದ ನೆರವು ನೀಡುವುದು ಹೊರೆಯಾಗದು. ಒಂದು ಷರತ್ತು ಮಾತ್ರ ಇರಲಿ: ಬೆಲೆ ಇದ್ದರೆ ಅದು ಮುಖಪುಟದಲ್ಲೇ ಇರಬೇಕು, ಮುಚ್ಚಿದ ಪೆಟ್ಟಿಗೆ ಇರಕೂಡದು.

ಪೋಷಕರಿಗೂ ಒಂದು ಮಾತು. ಮಗ ಅಥವಾ ಮಗಳು ಆಟ ಆಡುತ್ತಿರುವುದನ್ನು ಕಂಡಾಗ ಎಷ್ಟು ಹೊತ್ತು ಆಡಿದೆ ಎಂದು ಗದರುವ ಮೊದಲು, ಈ ಆಟ ಹಣ ಮಾಡುವುದು ಹೇಗೆ ಎಂದು ಕೇಳಿ ನೋಡಿ. ಉತ್ತರ ಸ್ಪಷ್ಟವಾಗಿದ್ದರೆ ಹೆಚ್ಚಿನ ಭಯ ಬೇಡ. ಬೇಕಿದ್ದರೆ ಪಕ್ಕದಲ್ಲಿ ಕುಳಿತು ನೀವೂ ಆಡಬಹುದು. ಉತ್ತರ ಮಕ್ಕಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಾಗುತ್ತಿಲ್ಲ ಎಂದಾದರೆ, ಆ ಆಟದಲ್ಲಿ ಪಣ ಎಲ್ಲೋ ಅಡಗಿದೆ ಎಂದೇ ತಿಳಿಯಬೇಕು. ಇದೇ ಪ್ರಶ್ನೆಯನ್ನು ಸರ್ಕಾರವೂ ಪ್ರತಿಯೊಂದು ಆಟದ ಕಂಪನಿಗೆ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯುವ ದಿನ ಬಂದರೆ, ‘ಗೇಮಿಂಗ್’ ಎಂಬ ಪದದ ಮೇಲಿನ ಕಳಂಕವೂ ತಾನಾಗಿಯೇ ತೊಳೆದುಹೋಗುತ್ತದೆ.